ನಟರ ಬೆನ್ನ ಹಿಂದಿನ ನಿಲ್ದಾಣ

ಸಿನಿಮಾ ಎಂಬ ಕಲೆ ಕಣ್ಣುಬಿಟ್ಟ ಹೊಸತರಲ್ಲಿ ಅದು ಕಂಡ ನೋಟಗಳಲ್ಲಿ ರೈಲು ನಿಲ್ದಾಣವೂ ಒಂದು. ದಕ್ಷಿಣ ಫ್ರಾನ್ಸಿನ ಕಡಲತಡಿಯಲ್ಲಿ ಲಾ ಸಿಯೊತಾ ಎಂಬ ಊರಿದೆ. ಅಲ್ಲಿನ ನಿಲ್ದಾಣಕ್ಕೆ ಉಗಿಬಂಡಿಯೊಂದು ಬಂದು ನಿಲ್ಲುವುದನ್ನು ಲೂಮಿಯೇರ್ ಸಹೋದರರು ಸೆರೆಹಿಡಿದರು. ಚಿತ್ರದ ಅವಧಿ ಒಂದು ನಿಮಿಷಕ್ಕೂ ಕಡಿಮೆ. 1896ರ ಜುಲೈ 7ರಂದು ಮುಂಬಯಿಯ ವ್ಯಾಟ್ಸನ್ ಹೋಟೆಲಿನಲ್ಲಿ ಭಾರತದ ಮೊದಲ ಚಲನಚಿತ್ರ ಪ್ರದರ್ಶನ ನಡೆದಾಗ ತೋರಿಸಿದ ಆರು ಕಿರುಚಿತ್ರಗಳಲ್ಲೂ ರೈಲು ಬರುವ ಚಿತ್ರ ಒಂದಿತ್ತು. ತೆರೆಯ ಮೇಲೆ ನುಗ್ಗಿ ಬರುವ ಎಂಜಿನ್ನನ್ನು ಕಂಡು ಫ್ರಾನ್ಸಿನ ಪ್ರೇಕ್ಷಕರು ಕುರ್ಚಿ ಬಿಟ್ಟು ಓಡಿದರು ಎಂಬ ಕಥೆ ಬಾಯಿಂದ ಬಾಯಿಗೆ ಬಂದಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ ಎಂದು ಸಿನಿಮಾದ ಇತಿಹಾಸಕಾರರು ಹೇಳುತ್ತಾರೆ. ಅದೇನೇ ಇರಲಿ, ಇವತ್ತು ಆ ಚಿತ್ರ ನೋಡುವಾಗ ನಮ್ಮ ಕಣ್ಣು ಎಂಜಿನ್ನಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೋಗಿಯ ಬಾಗಿಲುಗಳು ಒಂದೊಂದಾಗಿ ಪ್ಲಾಟ್‌ಫಾರ್ಮಿನ ಕಡೆಗೆ ತೆರೆದುಕೊಳ್ಳುವ ಬಗೆ, ಹತ್ತಲು ಜಾಗ ಹುಡುಕುವವರ ಗಡಿಬಿಡಿ, ಹೆಂಗಸರ ಉಡುಪು, ಸಾಮಾನಿನ ಗಂಟು, ಇವುಗಳ ಮೇಲೆ ನಿಲ್ಲುತ್ತದೆ. ಆ ಚಿತ್ರದಲ್ಲಿ ಕಥೆಯಿಲ್ಲ, ನಾಯಕನಿಲ್ಲ. ಮುಂದೆ ಬಂದ ಸಿನಿಮಾಗಳಲ್ಲಿ ಯಾವುದು ಹಿನ್ನೆಲೆಯಾಗಿ ಹಿಂದೆ ಸರಿಯಿತೋ, ಅದೇ ಅಲ್ಲಿ ಎಲ್ಲವೂ ಆಗಿತ್ತು.

ಈ ಹಿನ್ನೆಲೆಯ ಪರವಾಗಿ ಇವತ್ತು ನಾನು ಮಾತಾಡಬೇಕೆಂದಿದ್ದೇನೆ. ಹಳೆಯ ನಿಲ್ದಾಣವೊಂದರಲ್ಲಿ ಪ್ರಸಿದ್ಧ ಚಿತ್ರ ತಯಾರಾಗಿದ್ದರೆ ಆ ಜಾಗವನ್ನು ಉಳಿಸಬೇಕು ಎಂಬ ಒತ್ತಾಯ ಲೋಕದ ಎಲ್ಲ ಕಡೆಯೂ ಕೇಳಿಬರುತ್ತದೆ. ಒತ್ತಾಯ ಸರಿಯಾದದ್ದೇ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸಾಲದು. ಇಂಥ ನಾಯಕ ಇಲ್ಲಿ ನಿಂತಿದ್ದ, ಇಂಥ ನಾಯಕಿ ಈ ಬೆಂಚಿನ ಮೇಲೆ ಅತ್ತಿದ್ದಳು ಎನ್ನುವುದು ಪ್ರವಾಸಿಗೆ ಸಾಕಾಗಬಹುದು. ನಿಲ್ದಾಣದ ನಿಜವಾದ ಬೆಲೆ ಅವರಿಬ್ಬರ ಬೆನ್ನ ಹಿಂದೆ ಇದೆ. ಕ್ಯಾಮೆರಾ ಮುಖಗಳನ್ನು ಹಿಡಿಯುವಾಗ ಅದರ ಜೊತೆಗೇ ದೀಪ, ಗಡಿಯಾರ, ಕೈಮರ, ಊರ ಹೆಸರಿನ ಫಲಕ, ಹಮಾಲರ ನಡಿಗೆ, ಇಂಥ ನೂರು ಸಂಗತಿಗಳನ್ನು ಹಿಡಿದಿಟ್ಟಿರುತ್ತದೆ. ಇವನ್ನು ಬರೆದಿಡಬೇಕು ಎಂದು ಆ ಕಾಲದಲ್ಲಿ ಯಾರಿಗೂ ಅನ್ನಿಸಿರುವುದಿಲ್ಲ, ಏಕೆಂದರೆ ಅವು ನಿತ್ಯದವು. ಆದ್ದರಿಂದ ಸಿನಿಮಾ ಕಂಡ ನಿಲ್ದಾಣವನ್ನು ಕಥೆ ನಡೆದ ಕ್ಷೇತ್ರವೆಂದಷ್ಟೇ ಕಾಪಾಡಿದರೆ ಅರ್ಧ ಕೆಲಸ ಮಾಡಿದಂತೆ. ರೈಲ್ವೆಯ ದುಡಿಮೆಯ ಬದುಕಿಗೆ ಅದು ಸಾಕ್ಷಿ ಎಂದು ಕಾಪಾಡಬೇಕು, ಮತ್ತು ಆ ಸಾಕ್ಷ್ಯವನ್ನು ಓದುವ ಶ್ರಮವನ್ನೂ ಪಡಬೇಕು. ನನ್ನ ವಾದ ಇಷ್ಟೇ.

ಇದಕ್ಕೆ ಮೊದಲ ಆಧಾರವಾಗಿ ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಾಶೈರಿನ ಕಾರ್ನ್‌ಫೋರ್ತ್ ನಿಲ್ದಾಣವನ್ನು ತೆಗೆದುಕೊಳ್ಳೋಣ. ನಿಲ್ದಾಣ ಶುರುವಾದದ್ದು 1846ರಲ್ಲಿ. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಹೋಗುವ ಮುಖ್ಯ ದಾರಿ, ಕಡಲ ಅಂಚಿನ ಬ್ಯಾರೋ ಕಡೆಯ ದಾರಿ, ಪೂರ್ವದ ಲೀಡ್ಸ್ ಕಡೆಯ ದಾರಿ, ಮೂರೂ ಕೂಡುವ ಜಂಕ್ಷನ್ ಅದು. 1945ರ ಫೆಬ್ರವರಿಯಲ್ಲಿ ನಿರ್ದೇಶಕ ಡೇವಿಡ್ ಲೀನ್ ಅಲ್ಲಿ ‘ಬ್ರೀಫ್ ಎನ್‌ಕೌಂಟರ್’ ಚಿತ್ರದ ನಿಲ್ದಾಣದ ದೃಶ್ಯಗಳನ್ನು ತೆಗೆದರು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬಾಂಬಿನ ಭಯಕ್ಕೆ ದೇಶವೆಲ್ಲ ದೀಪ ಮರೆಮಾಡಿಕೊಂಡು ಬದುಕಿದ್ದ ವರ್ಷಗಳು. ರಾತ್ರಿಯ ನಿಲ್ದಾಣವನ್ನು ಚಿತ್ರಿಸಬೇಕಾದರೆ ಪ್ರಖರವಾದ ದೀಪಗಳು ಬೇಕು. ಲಂಡನ್ನಿನ ಸುತ್ತಮುತ್ತ ಅದು ಆಗದ ಮಾತು. ಕಾರ್ನ್‌ಫೋರ್ತ್ ದೂರದಲ್ಲಿತ್ತು, ಶತ್ರು ವಿಮಾನ ಬರುವ ಸುಳಿವು ಸಿಕ್ಕರೆ ದೀಪ ಆರಿಸಲು ಸಮಯ ಸಿಗುತ್ತಿತ್ತು. ಹೀಗೆ ಯುದ್ಧದ ಲೆಕ್ಕಾಚಾರದಿಂದ ಆ ನಿಲ್ದಾಣಕ್ಕೆ ಸಿನಿಮಾ ಬಂತು. ಹಗಲಿನ ಸಂಚಾರಕ್ಕೆ ಅಡ್ಡಿಯಾಗದಂತೆ ರಾತ್ರಿಯೆಲ್ಲ ಚಳಿಯಲ್ಲಿ ಚಿತ್ರೀಕರಣ ನಡೆಯಿತು. ಕಪ್ಪು ಬಿಳುಪಿನ ಆ ದೃಶ್ಯಗಳಲ್ಲಿ ಎಂಜಿನ್ನಿನ ಉಗಿ ಅಷ್ಟು ದಟ್ಟವಾಗಿ ಹೊಳೆಯುವುದು ನಿಜವಾದ ಮಾಘದ ರಾತ್ರಿಯಲ್ಲಿ ನಿಜವಾದ ರೈಲುಗಳನ್ನು ಕಂಡದ್ದರಿಂದ.

ಚಿತ್ರದ ಕಥೆ ನೋಯೆಲ್ ಕವರ್ಡ್ ಎಂಬ ನಾಟಕಕಾರನದು. ಮದುವೆಯಾಗಿ ಮಕ್ಕಳಿರುವ ಲಾರಾ ಎಂಬ ಗೃಹಿಣಿ, ಅವಳಂತೆಯೇ ಸಂಸಾರಸ್ಥನಾದ ಒಬ್ಬ ವೈದ್ಯ, ಇಬ್ಬರೂ ನಿಲ್ದಾಣದಲ್ಲಿ ಆಕಸ್ಮಿಕವಾಗಿ ಪರಿಚಯವಾಗುತ್ತಾರೆ. ಪರಿಚಯಕ್ಕೆ ಕಾರಣವನ್ನು ಗಮನಿಸಿ. ನಿಲ್ಲದೆ ಸಾಗುವ ಎಕ್ಸ್‌ಪ್ರೆಸ್ ಗಾಡಿಯಿಂದ ಹಾರಿದ ಕಲ್ಲಿದ್ದಲ ಕಣ ಅವಳ ಕಣ್ಣಿಗೆ ಬೀಳುತ್ತದೆ, ವೈದ್ಯ ಅದನ್ನು ಕರವಸ್ತ್ರದ ತುದಿಯಿಂದ ತೆಗೆಯುತ್ತಾನೆ. ಅಲ್ಲಿಂದ ಮುಂದೆ ಅವರು ಭೇಟಿಯಾಗುವುದು ಗುರುವಾರಗಳಂದು, ಬೀಳ್ಕೊಳ್ಳುವುದು ಎದುರುಬದುರು ದಿಕ್ಕಿಗೆ ಹೋಗುವ ಎರಡು ಗಾಡಿಗಳ ವೇಳೆಗೆ ಸರಿಯಾಗಿ. ಆ ಪ್ರೇಮಕ್ಕೆ ಪಂಚಾಂಗ ಎಂದರೆ ರೈಲ್ವೆ ವೇಳಾಪಟ್ಟಿ. ಕಲ್ಲಿದ್ದಲ ಎಂಜಿನ್ ಇಲ್ಲದಿದ್ದರೆ ಕಥೆ ಶುರುವಾಗುವುದಿಲ್ಲ, ಗಡಿಯಾರ ಇಲ್ಲದಿದ್ದರೆ ಕಥೆಗೆ ಬಿಗಿ ಬರುವುದಿಲ್ಲ, ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಹೋಗುವ ಇಳಿಜಾರು ಸುರಂಗದಾರಿ ಇಲ್ಲದಿದ್ದರೆ ಅವರಿಬ್ಬರಿಗೆ ಕತ್ತಲ ಮರೆ ಸಿಗುವುದಿಲ್ಲ. ಹಿನ್ನೆಲೆ ಎಂದು ನಾವು ಕರೆಯುವುದು ಇಲ್ಲಿ ಕಥೆಯ ಅಸ್ತಿಭಾರ. ನಿಲ್ದಾಣಗಳಲ್ಲಿ ತೆಗೆದ ಒಳ್ಳೆಯ ಚಿತ್ರಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ರೈಲ್ವೆಯ ಕ್ರಮವನ್ನು ಬಲ್ಲ ಬರಹಗಾರ ಅದನ್ನು ಕಥೆಯೊಳಕ್ಕೆ ಹೆಣೆಯುತ್ತಾನೆ. ಅರಿಯದವನು ಅದನ್ನು ಪರದೆಯ ಹಾಗೆ ಹಿಂದೆ ತೂಗುಹಾಕುತ್ತಾನೆ.

ಚಿತ್ರದಲ್ಲಿ ಆ ನಿಲ್ದಾಣದ ಹೆಸರು ಕಾರ್ನ್‌ಫೋರ್ತ್ ಅಲ್ಲ, ಮಿಲ್ಫರ್ಡ್ ಜಂಕ್ಷನ್. ಅದೊಂದು ಕಲ್ಪಿತ ಊರು. ನಾಯಕ ನಾಯಕಿಯರು ಹೋಗುವ ಚರ್ಲಿ, ಕೆಚ್‌ವರ್ತ್ ಊರುಗಳೂ ಕಲ್ಪಿತವೇ. ಧ್ವನಿವರ್ಧಕದಲ್ಲಿ ಗಾಡಿಗಳ ಹೊರಡುವಿಕೆಯನ್ನು ಸಾರುವ ದನಿ ಸ್ವತಃ ನೋಯೆಲ್ ಕವರ್ಡನದು. ತನ್ನ ಕಲ್ಪನೆಯ ಊರುಗಳ ಹೆಸರನ್ನು ತಾನೇ ಕೂಗಿ ಹೇಳಿದ್ದಾನೆ. ಕಿವಿಗೆ ಕೇಳುವುದೆಲ್ಲ ಹೀಗೆ ಕಲ್ಪಿತ. ಕಣ್ಣಿಗೆ ಕಾಣುವುದು ಬೇರೆ. ಪ್ಲಾಟ್‌ಫಾರ್ಮಿನ ಫಲಕವೊಂದು ಒಂದೆರಡು ಕಡೆ ಚೌಕಟ್ಟಿನೊಳಗೆ ಬಂದುಬಿಟ್ಟಿದೆ, ಅದರ ಮೇಲೆ ಲೀಡ್ಸ್, ಬ್ರಾಡ್‌ಫರ್ಡ್, ಸ್ಕಿಪ್ಟನ್, ಹೆಲಿಫೀಲ್ಡ್ ಎಂಬ ನಿಜವಾದ ಊರುಗಳಿವೆ. ಉತ್ತರ ಇಂಗ್ಲೆಂಡನ್ನು ಬಲ್ಲವರು ನೋಡಿದ ಕೂಡಲೇ ಇದು ಯಾವ ಜಂಕ್ಷನ್ ಎಂದು ಹೇಳಬಲ್ಲರು. ಕಥೆಯ ಶಿಸ್ತಿನ ದೃಷ್ಟಿಯಿಂದ ಅದು ಕಣ್ತಪ್ಪು ಎನ್ನಬಹುದು. ನನಗೆ ಮಾತ್ರ ಆ ಫಲಕ ಇಡೀ ಚಿತ್ರದ ಅತ್ಯಂತ ಅಮೂಲ್ಯವಾದ ಚೌಕಟ್ಟುಗಳಲ್ಲಿ ಒಂದು. ಕಲ್ಪನೆ ಒಂದು ಹೆಸರು ಹೇಳುತ್ತಿರುವಾಗ ಆ ಜಾಗ ತನ್ನ ಹೆಸರನ್ನು ಮೆಲ್ಲನೆ ಹೇಳಿಕೊಂಡಿದೆ.

ಮುಂದೆ ಆ ನಿಲ್ದಾಣಕ್ಕೆ ಆದದ್ದನ್ನು ಕೇಳಿ. ಬ್ರಿಟನ್ನಿನ ಮುಖ್ಯ ರೈಲ್ವೆಯಲ್ಲಿ ಉಗಿ ಎಂಜಿನ್ನುಗಳ ಯುಗ 1968ರ ಆಗಸ್ಟಿನಲ್ಲಿ ಮುಗಿಯಿತು. ಕೊನೆಯವರೆಗೂ ಉಗಿ ಎಂಜಿನ್ನುಗಳನ್ನು ಸಾಕಿದ ಮೂರು ಲೋಕೋ ಶೆಡ್ಡುಗಳಲ್ಲಿ ಕಾರ್ನ್‌ಫೋರ್ತಿನದೂ ಒಂದು. 1970ರಲ್ಲಿ ಮುಖ್ಯ ದಾರಿಯ ಪ್ಲಾಟ್‌ಫಾರ್ಮುಗಳನ್ನು ಮುಚ್ಚಿದರು. ಲಂಡನ್–ಗ್ಲಾಸ್ಗೋ ಗಾಡಿಗಳು ಅಲ್ಲಿಂದ ಮುಂದೆ ನಿಲ್ಲದೆ ಸಾಗಿದವು. ಕಟ್ಟಡಗಳು ಪಾಳು ಬಿದ್ದವು. ಊರಿನವರು ಮತ್ತು ರೈಲ್ವೆ ಪ್ರೇಮಿಗಳು ವಿಶ್ವಸ್ತ ಮಂಡಳಿಯೊಂದನ್ನು ಕಟ್ಟಿಕೊಂಡು ವರ್ಷಗಟ್ಟಲೆ ದುಡಿದ ಮೇಲೆ 2003ರಲ್ಲಿ ನಿಲ್ದಾಣದ ಕಟ್ಟಡ ಪ್ರವಾಸಿ ಕೇಂದ್ರವಾಗಿ ತೆರೆಯಿತು. ಚಿತ್ರದಲ್ಲಿ ಕಾಣುವ ದೊಡ್ಡ ಗಡಿಯಾರ ಮತ್ತೆ ಅದರ ಜಾಗಕ್ಕೆ ಬಂತು. ಚಹಾ ಕೋಣೆಯೂ ಮತ್ತೆ ತೆರೆಯಿತು. ಈ ಚಹಾ ಕೋಣೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸಿನಿಮಾದಲ್ಲಿ ಪ್ರೇಮಿಗಳು ಕೂರುವ ಚಹಾ ಕೋಣೆ ಕಾರ್ನ್‌ಫೋರ್ತಿನದಲ್ಲ, ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಈಗ ನಿಲ್ದಾಣದಲ್ಲಿ ಇರುವ ಕೋಣೆಯನ್ನು ಆ ಸೆಟ್ಟಿನ ಮಾದರಿಯಲ್ಲಿ ಸಜ್ಜುಗೊಳಿಸಿದ್ದಾರೆ. ಅಂದರೆ ನಿಜವಾದ ನಿಲ್ದಾಣಗಳ ಚಹಾ ಕೋಣೆಗಳನ್ನು ನೋಡಿ ಸ್ಟುಡಿಯೋ ಒಂದು ಕೋಣೆ ಮಾಡಿತು. ಅರ್ಧ ಶತಮಾನ ಕಳೆದ ಮೇಲೆ ನಿಜವಾದ ನಿಲ್ದಾಣ ಆ ಸ್ಟುಡಿಯೋ ಕೋಣೆಯನ್ನು ನೋಡಿ ತನ್ನ ಕೋಣೆ ಮಾಡಿಕೊಂಡಿತು.

ಇದು ಮೋಸವೇ? ಕೆಲವರು ಹೌದು ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ, ಒಂದು ಷರತ್ತಿನ ಮೇಲೆ. ಬಂದವರಿಗೆ ವಿಷಯವನ್ನು ಮುಚ್ಚದೆ ಹೇಳಬೇಕು: ಗಡಿಯಾರ, ಸುರಂಗದಾರಿ, ಪ್ಲಾಟ್‌ಫಾರ್ಮಿನ ಇಳಿಜಾರು ಇವು ಕಲ್ಲು ಕಬ್ಬಿಣದ ಸತ್ಯ, ಚಹಾ ಕೋಣೆ ಚಿತ್ರದ ನೆನಪಿಗೆ ಕಟ್ಟಿದ ಗೌರವ. ಎರಡೂ ಇರಲಿ, ಎರಡರ ನಡುವಣ ಗೆರೆ ಅಳಿಸದಿರಲಿ. ಗೆರೆ ಅಳಿದ ದಿನ ಉಗಿ ಎಂಜಿನ್ನುಗಳನ್ನು ಕೊನೆಯ ದಿನದವರೆಗೂ ತೊಳೆದು, ಬೂದಿ ತೆಗೆದು, ಬೆಂಕಿ ಹಾಕಿದ ಶೆಡ್ಡಿನ ಕೆಲಸಗಾರರು ಆ ಊರಿನ ಚರಿತ್ರೆಯಿಂದ ಜಾರಿಹೋಗುತ್ತಾರೆ. ಎರಡು ವಾರದ ಚಿತ್ರೀಕರಣ ಅವರ ನೂರಿಪ್ಪತ್ತು ವರ್ಷದ ದುಡಿಮೆಯನ್ನು ನುಂಗಿಬಿಡುತ್ತದೆ.

ಈಗ ನನ್ನ ವಾದಕ್ಕೆ ಎದುರಾಗುವ ಮೊದಲ ದೊಡ್ಡ ಆಕ್ಷೇಪ. ಸಿನಿಮಾ ಎಂದರೆ ಸುಳ್ಳು ಹೇಳುವ ಕಸುಬು, ಅದನ್ನು ದಾಖಲೆಯೆಂದು ನಂಬುವುದು ಹೇಗೆ? ಕಥೆ ಮಾತ್ರ ಸುಳ್ಳು, ಹಿನ್ನೆಲೆ ಸತ್ಯ ಎಂದು ಸುಲಭವಾಗಿ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಹಿನ್ನೆಲೆಯನ್ನೂ ಅಲಂಕರಿಸುತ್ತಾರೆ, ಫಲಕ ಬದಲಿಸುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ, ಇಲ್ಲದ ಕಂಬ ನೆಡುತ್ತಾರೆ. ಲಾ ಸಿಯೊತಾದ ಆ ಪುಟ್ಟ ಚಿತ್ರದಲ್ಲಿ ಕೂಡ ಪ್ಲಾಟ್‌ಫಾರ್ಮಿನ ಮೇಲೆ ಓಡಾಡುವವರಲ್ಲಿ ಲೂಮಿಯೇರ್ ಮನೆಯವರೇ ಕೆಲವರಿದ್ದಾರೆ. ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಶಾಸನ ಓದುವವರಿಗೆ ಇದು ಹೊಸ ಸಮಸ್ಯೆಯಲ್ಲ. ರಾಜನ ಬಿರುದುಗಳನ್ನು ಹೊಗಳುವ ಸಾಲುಗಳನ್ನು ನಮ್ಮ ಇತಿಹಾಸಕಾರರು ಹಾಗೆಯೇ ನಂಬಿಲ್ಲ. ಅದೇ ಶಾಸನದ ಕೊನೆಯಲ್ಲಿ ದತ್ತಿಯಾಗಿ ಬಿಟ್ಟ ಗದ್ದೆಯ ಎಲ್ಲೆ, ಕೆರೆಯ ಹೆಸರು, ಸುಂಕದ ಬಗೆ, ಅಳತೆಯ ಕೋಲು, ಇವುಗಳಿಂದ ಆ ಕಾಲದ ಬದುಕನ್ನು ಬಿಡಿಸಿದ್ದಾರೆ. ಹೊಗಳಿಕೆ ಬರೆಯಿಸಿದವನ ಉದ್ದೇಶ, ಗದ್ದೆಯ ಎಲ್ಲೆ ಅವನಿಗೆ ಗೊತ್ತಿಲ್ಲದೆಯೇ ನಮಗೆ ಸಿಕ್ಕ ಲಾಭ. ಸಿನಿಮಾವನ್ನೂ ಹಾಗೆಯೇ ಓದಬೇಕು. ಹಳೆಯ ಫೋಟೋ, ನಿಲ್ದಾಣದ ನಕ್ಷೆ, ವೇಳಾಪಟ್ಟಿ, ಅಲ್ಲಿ ಕೆಲಸ ಮಾಡಿದವರ ನೆನಪು, ಇವುಗಳ ಪಕ್ಕದಲ್ಲಿಟ್ಟು ಯಾವುದು ತಂದಿಟ್ಟದ್ದು, ಯಾವುದು ಅಲ್ಲೇ ಇದ್ದದ್ದು ಎಂದು ಬೇರ್ಪಡಿಸಬೇಕು. ಅದು ಶ್ರಮದ ಕೆಲಸ. ಅಸಾಧ್ಯವಾದದ್ದಲ್ಲ.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ. ಸಿನಿಮಾ ಅಷ್ಟು ಒಳ್ಳೆಯ ದಾಖಲೆಯಾದರೆ ಕಟ್ಟಡವನ್ನು ಉಳಿಸುವ ಅಗತ್ಯವೇನು, ಚಿತ್ರದಲ್ಲಿ ಉಳಿದಿದೆಯಲ್ಲ? ಇದಕ್ಕೆ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ನಿಲ್ದಾಣ ಉತ್ತರ ಹೇಳುತ್ತದೆ. 1910ರಲ್ಲಿ ತೆರೆದ ಆ ನಿಲ್ದಾಣವನ್ನು ಪ್ರಾಚೀನ ರೋಮಿನ ಸ್ನಾನಗೃಹಗಳ ಭವ್ಯತೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದರು. ನಿರ್ದೇಶಕ ಹಿಚ್‌ಕಾಕ್ 1951ರ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ ಚಿತ್ರಕ್ಕೆ ಅದನ್ನು ಬಳಸಿದರು, 1955ರಲ್ಲಿ ಕುಬ್ರಿಕ್ ಕೂಡ ತಮ್ಮದೊಂದು ಚಿತ್ರದಲ್ಲಿ ತೋರಿಸಿದರು. ಆದರೂ 1963ರ ಅಕ್ಟೋಬರಿನಲ್ಲಿ ಅದನ್ನು ಕೆಡವಲು ಶುರುಮಾಡಿದರು. ಸಿನಿಮಾ ಕೀರ್ತಿ ಆ ಕಂಬಗಳಿಗೆ ಒಂದು ದಿನದ ಆಯುಷ್ಯವನ್ನೂ ಕೂಡಿಸಲಿಲ್ಲ. ಇಂದು ಆ ಚಿತ್ರಗಳನ್ನು ನೋಡಿ ಆ ನಿಲ್ದಾಣವನ್ನು ತಿಳಿಯಬಯಸುವವರಿಗೆ ಸಿಗುವುದು ಕ್ಯಾಮೆರಾ ತಿರುಗಿದ ದಿಕ್ಕು ಮಾತ್ರ. ಕ್ಯಾಮೆರಾದ ಬೆನ್ನ ಹಿಂದೆ ಇದ್ದ ಗೋಡೆ ಸಿಗುವುದಿಲ್ಲ, ಚಾವಣಿಯ ಎತ್ತರ ಮೈಗೆ ತಟ್ಟುವುದಿಲ್ಲ, ಹೆಜ್ಜೆಯ ಸದ್ದು ಎಷ್ಟು ದೂರ ಕೇಳುತ್ತಿತ್ತು ಎಂಬುದು ತಿಳಿಯುವುದಿಲ್ಲ. ಚಿತ್ರಕ್ಕೆ ಕಟ್ಟಡ ಬೇಕು, ಕಟ್ಟಡಕ್ಕೆ ಚಿತ್ರ ಬೇಕು. ಒಂದರ ಮಾತನ್ನು ಇನ್ನೊಂದು ತಿದ್ದುತ್ತದೆ.

ಅದೇ ಊರಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವೂ ಅಂಥದೇ ಗಂಡಾಂತರಕ್ಕೆ ಸಿಕ್ಕಿತ್ತು. ಹಿಚ್‌ಕಾಕರ ‘ನಾರ್ತ್ ಬೈ ನಾರ್ತ್‌ವೆಸ್ಟ್’ 1959ರಲ್ಲೇ ಅದನ್ನು ಲೋಕಕ್ಕೆಲ್ಲ ತೋರಿಸಿತ್ತು. ಆದರೂ ಅದನ್ನು ಉಳಿಸಿದ್ದು ಸಿನಿಮಾ ಅಲ್ಲ. ಪೆನ್ ನಿಲ್ದಾಣ ಹೋದ ನೋವಿನಿಂದ 1965ರಲ್ಲಿ ಹುಟ್ಟಿದ ನಗರದ ಸ್ಮಾರಕ ಸಂರಕ್ಷಣಾ ಕಾಯಿದೆ, ಬೀದಿಗಿಳಿದ ನಾಗರಿಕರು, ಅವರ ಮುಂಚೂಣಿಯಲ್ಲಿ ನಿಂತ, ಅಧ್ಯಕ್ಷ ಕೆನೆಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನೆಡಿ ಒನಾಸಿಸ್, ಕೊನೆಗೆ 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ಇವು ಉಳಿಸಿದವು. ಇಂಗ್ಲೆಂಡಿನ ಯಾರ್ಕ್‌ಶೈರಿನ ಓಕ್‌ವರ್ತ್ ನಿಲ್ದಾಣದ ಕಥೆಯೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಅದು ಇರುವ ಕಿರುದಾರಿಯನ್ನು ಸರ್ಕಾರ 1962ರಲ್ಲಿ ಮುಚ್ಚಿತು. ಸ್ವಯಂಸೇವಕರು ಹಟ ಹಿಡಿದು 1968ರಲ್ಲಿ ಅದನ್ನು ತಾವೇ ನಡೆಸತೊಡಗಿದರು. ‘ದಿ ರೈಲ್ವೆ ಚಿಲ್ಡ್ರನ್’ ಚಿತ್ರ ಅಲ್ಲಿ ತಯಾರಾಗಿ ತೆರೆಗೆ ಬಂದದ್ದು 1970ರಲ್ಲಿ, ಅಂದರೆ ಜನ ದಾರಿಯನ್ನು ಉಳಿಸಿಕೊಂಡ ಮೇಲೆ. ಚಿತ್ರದಿಂದ ಪ್ರಯಾಣಿಕರು ಬಂದರು, ಹಣ ಬಂತು, ಹೆಸರು ಬಂತು, ಇಂದಿಗೂ ಬರುತ್ತಿದೆ. ಮೊದಲು ಬಂದದ್ದು ಮಾತ್ರ ಹಳಿಯ ಮೇಲೆ ಮೊಣಕಾಲೂರಿದ ಜನ. ಈ ಅನುಕ್ರಮವನ್ನು ಮರೆತವರೇ ಚಿತ್ರೀಕರಣವಾದರೆ ಸಾಕು, ನಿಲ್ದಾಣ ಉಳಿದೀತು ಎಂದು ನಂಬಿ ಕೂರುತ್ತಾರೆ.

ಜನಜಂಗುಳಿಯ ಮಾತೂ ಇದೆ. ಹೆಸರಾದ ನಿಲ್ದಾಣಕ್ಕೆ ನೋಡುಗರು ಮುಗಿಬಿದ್ದರೆ ದಿನನಿತ್ಯದ ಪ್ರಯಾಣಿಕರ ಗತಿಯೇನು ಎಂದು ಕೇಳುವವರಿದ್ದಾರೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣವನ್ನೇ ನೋಡಿ. 1887ರ ಕಟ್ಟಡ, 2004ರಿಂದ ವಿಶ್ವ ಪರಂಪರೆಯ ತಾಣ, ‘ಸ್ಲಂಡಾಗ್ ಮಿಲಿಯನೇರ್’ ಚಿತ್ರದ ಕೊನೆಯ ಕುಣಿತದಿಂದ ಜಗತ್ತಿಗೆಲ್ಲ ಪರಿಚಿತ. ಅಲ್ಲಿ ಪ್ರತಿದಿನ ಲಕ್ಷಾಂತರ ಜನ ಲೋಕಲ್ ಗಾಡಿ ಹತ್ತಿಳಿಯುತ್ತಾರೆ. ಆ ಕಟ್ಟಡಕ್ಕೆ ಜೀವ ಕೊಟ್ಟಿರುವವರು ಅವರೇ ಹೊರತು ಫೋಟೋ ತೆಗೆದುಕೊಳ್ಳುವವರಲ್ಲ. ದುಡಿಯುವ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಮೊದಲ ಹಕ್ಕು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕಾರ್ನ್‌ಫೋರ್ತಿನಲ್ಲಿ ಚಿತ್ರ ತೆಗೆದ ಅದೇ ಡೇವಿಡ್ ಲೀನ್ 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ಬೆಂಗಳೂರಿಗೂ ಸಾವನದುರ್ಗದ ಬಂಡೆಗಳ ಬಳಿಗೂ ಬಂದಿದ್ದರು, ರೈಲಿನ ದೃಶ್ಯಗಳಿಗೆ ನೀಲಗಿರಿಯ ಬೆಟ್ಟದ ದಾರಿಯನ್ನು ಹಿಡಿದಿದ್ದರು. ಆದರೆ ಕನ್ನಡಿಗರ ಪಾಲಿಗೆ ಸಿನಿಮಾ ಕಣ್ಣಿನ ನಿಲ್ದಾಣ ಎಂದರೆ ಅರಸಾಳು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲಿ, ಕುಂಸಿ ದಾಟಿ ಆನಂದಪುರ ಮುಟ್ಟುವ ಮೊದಲು, ಹೊಸನಗರ ತಾಲ್ಲೂಕಿನ ಕಾಡಿನ ನಡುವೆ ಸಿಗುವ ಪುಟ್ಟ ನಿಲ್ದಾಣ. 1980ರ ದಶಕದಲ್ಲಿ ನಿರ್ದೇಶಕ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ದೂರದರ್ಶನಕ್ಕಾಗಿ ತೆಗೆದಾಗ ಆಗುಂಬೆ ಮಾಲ್ಗುಡಿ ಊರಾಯಿತು, ಅರಸಾಳು ಮಾಲ್ಗುಡಿ ನಿಲ್ದಾಣವಾಯಿತು. ಕಲಾ ನಿರ್ದೇಶಕರಾಗಿ ಜಾನ್ ದೇವರಾಜ್ ಆ ಲೋಕಕ್ಕೆ ರೂಪ ಕೊಟ್ಟರು. ಇಲ್ಲೊಂದು ಸೋಜಿಗವಿದೆ. ಮಾಲ್ಗುಡಿ ಎಂಬ ಕಲ್ಪಿತ ಊರನ್ನು ಸೃಷ್ಟಿಸಿದ ಕಾದಂಬರಿಕಾರ ಆರ್. ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವಂತೆ, 1930ರಲ್ಲಿ ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು ಬೆಂಗಳೂರಿನಲ್ಲಿ ನೋಟ್‌ಬುಕ್ ಕೊಂಡು ಬರೆಯಲು ಕುಳಿತಾಗ ಅವರ ಮನಸ್ಸಿಗೆ ಮಾಲ್ಗುಡಿ ಹೊಳೆದದ್ದು ತನ್ನ ಪುಟ್ಟ ರೈಲು ನಿಲ್ದಾಣದೊಡನೆಯೇ. ಆ ಬರವಣಿಗೆಯಿಂದ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ಅದರ ಕೊನೆಯ ದೃಶ್ಯವೂ ನಿಲ್ದಾಣದ್ದೇ, ಹೊರಟ ಗಾಡಿಯಲ್ಲಿ ಗೆಳೆಯ ದೂರವಾಗುತ್ತಾನೆ. 1958ರ ‘ದಿ ಗೈಡ್’ ಕಾದಂಬರಿಯ ರಾಜು ಬೆಳೆಯುವುದೂ ರೈಲು ನಿಲ್ದಾಣದ ಅಂಗಡಿಯಲ್ಲಿ. ನಿಲ್ದಾಣವಿಲ್ಲದೆ ಮಾಲ್ಗುಡಿ ಇಲ್ಲ.

ಹೀಗೆ ಎಲ್ಲೂ ಇಲ್ಲದ ನಿಲ್ದಾಣವೊಂದು ಅರಸಾಳಿನಲ್ಲಿ ಮೈ ಪಡೆಯಿತು. ಅರಸಾಳಿನ ಮೈ ಆಗ ಎಂಥದು? ಅದು ಮೀಟರ್ ಗೇಜ್ ದಾರಿ. ಹಳಿಗಳ ನಡುವೆ ಒಂದು ಮೀಟರ್ ಅಂತರ, ಅದಕ್ಕೆ ತಕ್ಕ ಸಣ್ಣ ಬೋಗಿಗಳು, ಸಾವಧಾನದ ಓಟ. ಅಂಥ ಒಂಟಿ ಹಳಿಯ ದಾರಿಗಳಲ್ಲಿ ಎದುರುಬದುರು ಗಾಡಿಗಳು ಡಿಕ್ಕಿಯಾಗದಂತೆ ಕಾಯುತ್ತಿದ್ದದ್ದು ಟೋಕನ್ ಪದ್ಧತಿ. ಮುಂದಿನ ನಿಲ್ದಾಣದ ಒಪ್ಪಿಗೆ ಸಿಕ್ಕ ಮೇಲೆ ಯಂತ್ರದಿಂದ ಒಂದೇ ಒಂದು ಟೋಕನ್ ಹೊರಬರುತ್ತದೆ. ಅದನ್ನು ದೊಡ್ಡ ಬಳೆಗೆ ಸಿಕ್ಕಿಸಿ ಚಾಲಕನ ಕೈಗೆ ಕೊಡುತ್ತಾರೆ. ಅದು ಕೈಯಲ್ಲಿರುವವರೆಗೆ ಆ ಹಳಿ ಅವನದು, ಮುಂದಿನ ನಿಲ್ದಾಣದಲ್ಲಿ ಒಪ್ಪಿಸಿದ ಮೇಲೆ ಇನ್ನೊಬ್ಬರದು. ರಟ್ಟಿನ ಟಿಕೆಟಿಗೆ ತಾರೀಖು ಒತ್ತುವ ಯಂತ್ರ, ತಂತಿ ಎಳೆದರೆ ಇಳಿಯುವ ಕೈಮರ, ರಾತ್ರಿಗೆ ಎಣ್ಣೆಯ ದೀಪ, ಹಳಿಯ ತುಂಡು ಬಡಿದು ಹೊಡೆಯುವ ಗಂಟೆ, ಇವು ನಾಡಿನ ನೂರಾರು ಸಣ್ಣ ನಿಲ್ದಾಣಗಳ ನಿತ್ಯದ ಸಾಮಗ್ರಿ. ಹೆಚ್ಚು ಅಗಲದ ಬ್ರಾಡ್ ಗೇಜ್ ಹಳಿ ಬಂದಾಗ ಇವೆಲ್ಲ ಗುಜರಿ ಸೇರಿದವು. ಹಳಿ ಬದಲಾದದ್ದು ಮಲೆನಾಡಿಗೆ ಒಳ್ಳೆಯದೇ ಆಯಿತು. ತಾಳಗುಪ್ಪದಿಂದ ಬೆಂಗಳೂರು, ಮೈಸೂರುಗಳಿಗೆ ನೇರ ಗಾಡಿ ಸಿಕ್ಕಿತು. ಅದರ ಬಗ್ಗೆ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಆದರೆ ಒಂದು ಕೆಲಸದ ಲೋಕ ಸದ್ದಿಲ್ಲದೆ ಕಣ್ಮರೆಯಾದಾಗ, ಅದು ಚಲಿಸುತ್ತಿದ್ದ ಕಾಲದಲ್ಲಿ ಅಲ್ಲಿ ಕ್ಯಾಮೆರಾ ಓಡಿತ್ತು ಎಂಬುದು ನಮ್ಮ ಭಾಗ್ಯ.

ಅರಸಾಳಿನಲ್ಲಿ ಒಳ್ಳೆಯ ಕೆಲಸ ನಡೆದಿದೆ. ಪ್ರಯಾಣಿಕರಿಗೆ ಬೇರೆ ಕಟ್ಟಡ ಬಂದ ಮೇಲೆ ಪಾಳು ಬಿದ್ದಿದ್ದ ಹಳೆಯ ನಿಲ್ದಾಣವನ್ನು ನೈಋತ್ಯ ರೈಲ್ವೆಯ ಮೈಸೂರು ವಿಭಾಗ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ಕೆಲಸಕ್ಕೆ ಜಾನ್ ದೇವರಾಜ್ ಅವರೇ ಮತ್ತೆ ಬಂದರು ಎಂಬುದು ಮನಸ್ಸಿಗೆ ಹಿತವಾದ ಸಂಗತಿ. ಇಲ್ಲೂ ಆಕ್ಷೇಪ ಕೇಳಿಬರುತ್ತದೆ. ಹಳ್ಳಿಗಾಡಿನ ನಿಲ್ದಾಣಗಳಲ್ಲಿ ಶೌಚಾಲಯ ಸರಿಯಿಲ್ಲ, ಪ್ಲಾಟ್‌ಫಾರ್ಮಿಗೆ ನೆರಳಿಲ್ಲ, ವಯಸ್ಸಾದವರು ಬೋಗಿ ಹತ್ತಲು ಪಡಬಾರದ ಪಾಡು ಪಡುತ್ತಾರೆ, ಇಂಥಲ್ಲಿ ಹಳೆಯ ಕಟ್ಟಡಕ್ಕೆ ಹಣವೇಕೆ? ನ್ಯಾಯವಾದ ಸಿಟ್ಟು ಇದು. ನೆರಳೂ ಶೌಚಾಲಯವೂ ಮೊದಲಾಗಲಿ. ಆದರೆ ಅರಸಾಳು ಎರಡಕ್ಕೂ ಜಾಗವಿದೆ ಎಂದು ತೋರಿಸಿದೆ. ಪ್ರಯಾಣಿಕರ ಕಟ್ಟಡ ಬೇರೆ, ನೆನಪಿನ ಕಟ್ಟಡ ಬೇರೆ, ಒಂದರ ಹಾದಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಕಾಡಿನ ನಡುವಣ ಊರಿಗೆ ನಾಲ್ಕು ಜನ ರೈಲಿನಲ್ಲಿ ಬಂದಿಳಿಯುವಂತಾದರೆ ಅಲ್ಲಿ ಗಾಡಿ ನಿಲ್ಲಿಸಬೇಕು ಎಂದು ಕೇಳಲು ಊರವರಿಗೂ ಒಂದು ಬಲ ಬರುತ್ತದೆ. ಸಣ್ಣ ನಿಲ್ದಾಣಗಳ ಪಾಲಿಗೆ ಗಾಡಿ ನಿಲ್ಲುವುದೇ ಉಸಿರು.

ನನ್ನ ಕಳಕಳಿ ಇನ್ನೂ ಒಂದು ಹೆಜ್ಜೆ ಮುಂದಿನದು. ಅಲ್ಲಿಗೆ ಹೋದವರು ಮಾಲ್ಗುಡಿಯನ್ನು ಕಂಡು ಬರುವಂತೆ ಅರಸಾಳನ್ನೂ ಕಂಡು ಬರಬೇಕು. ಕಲ್ಪಿತ ಊರಿನ ಹೆಸರಿನ ಕೆಳಗೆ ನಿಜವಾದ ಊರಿನ ಹೆಸರು ಮಸುಕಾಗಬಾರದು. ಧಾರಾವಾಹಿಯಲ್ಲಿ ನಿಲ್ದಾಣ ಬರುವ ಕಂತುಗಳನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ, ಸ್ವಾಮಿಯನ್ನೂ ಸ್ಟೇಷನ್ ಮಾಸ್ತರರ ಪಾತ್ರವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು, ಹಿಂದೆ ಕಾಣುವುದನ್ನು ಪಟ್ಟಿ ಮಾಡುವ ಕೆಲಸ ಆಗಬೇಕು. ಆ ಕಿಟಕಿ ಅಲ್ಲೇ ಇದ್ದದ್ದೋ ಕಲಾ ವಿಭಾಗ ಕೂರಿಸಿದ್ದೋ? ಆ ಕಂಬದ ದೀಪಕ್ಕೆ ಎಣ್ಣೆ ಹಾಕುತ್ತಿದ್ದವರು ಯಾರು, ಯಾವ ಹೊತ್ತಿಗೆ? ಬೋಗಿಗೆ ಏರುತ್ತಿರುವ ಮೂಟೆಯಲ್ಲಿ ಅಡಿಕೆಯೋ ಅಕ್ಕಿಯೋ? ಅದು ಚಿತ್ರತಂಡ ತಂದ ಮೂಟೆಯೋ, ಆ ದಿನದ ನಿಜವಾದ ಸರಕೋ? ಸರ್ಕಾರದ ಕಡತಗಳಲ್ಲಿ ಇವುಗಳಿಗೆ ಉತ್ತರ ಸಿಗುವುದಿಲ್ಲ. ಆ ದಾರಿಯಲ್ಲಿ ದುಡಿದ ಸ್ಟೇಷನ್ ಮಾಸ್ತರರು, ಪಾಯಿಂಟ್ಸ್‌ಮನ್‌ಗಳು, ಗ್ಯಾಂಗ್‌ಮನ್‌ಗಳು, ಗಾಡಿ ಬರುವ ಹೊತ್ತಿಗೆ ತಿಂಡಿ ಹೊತ್ತು ತರುತ್ತಿದ್ದವರು, ಚಿತ್ರೀಕರಣ ನೋಡಲು ಬೇಲಿಯಾಚೆ ನಿಂತ ಊರ ಮಕ್ಕಳು, ಇವರನ್ನು ತೆರೆಯ ಮುಂದೆ ಕೂರಿಸಿ ಆ ಚೌಕಟ್ಟುಗಳನ್ನು ತೋರಿಸಿದರೆ ಸಿಗುತ್ತದೆ. ಅವರ ದನಿಯನ್ನು ಧ್ವನಿಮುದ್ರಿಸಿಕೊಳ್ಳಲು ದೊಡ್ಡ ಯೋಜನೆಯೇನೂ ಬೇಕಾಗಿಲ್ಲ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಮಾಡಬಹುದು, ಬಾನುಲಿ ಕೇಂದ್ರಗಳೂ ಕೈಜೋಡಿಸಬಹುದು. ಆದರೆ ಕಾಯುವಷ್ಟು ಸಮಯ ಉಳಿದಿಲ್ಲ. ಶಂಕರ್ ನಾಗರ ಕ್ಯಾಮೆರಾ ಅರಸಾಳಿನಲ್ಲಿ ಓಡಿದಾಗ ಇಪ್ಪತ್ತೈದರ ಹರೆಯದಲ್ಲಿದ್ದ ಪಾಯಿಂಟ್ಸ್‌ಮನ್‌ಗೆ ಈಗ ಅರವತ್ತು ದಾಟಿ ವರ್ಷಗಳೇ ಆಗಿವೆ. ಆಗ ಐವತ್ತರಲ್ಲಿದ್ದ ಮಾಸ್ತರರಿಗೆ ತೊಂಬತ್ತರ ಹತ್ತಿರ.